ಉಗ್ರಾಣದ ಲೆಕ್ಕ

ಲೆಕ್ಕದ ಪುಸ್ತಕದಲ್ಲಿ ಹತ್ತು ಮೂಟೆ ಅಕ್ಕಿಯಿದೆಯೆಂದ ಮಾತ್ರಕ್ಕೆ ಮದುವೆಯ ಮನೆಯಲ್ಲಿ ಎಲೆ ಹಾಕಲಾಗದು. ಉಗ್ರಾಣದ ಬೀಗ ತೆಗೆದು ಒಳಗೆ ನೋಡಿದವನೇ ಜಾಣ. ಗಣಕಯಂತ್ರದ ಲೋಕಕ್ಕೂ ಈ ಮಾತು ಸಲ್ಲುತ್ತದೆ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ವ್ಯವಸ್ಥೆಯ ತಿರುಳಿಗೆ ‘ಕರ್ನೆಲ್’ ಎಂದು ಹೆಸರು. ಡಿಸ್ಕುಗಳ ಯಜಮಾನಿಕೆ ಅದರದು. ಡಿಸ್ಕಿನೊಳಗಿನ ಕಡತಗಳನ್ನು ಬಳಸಬೇಕಾದರೆ ಮೊದಲು ಅದನ್ನು ವ್ಯವಸ್ಥೆಗೆ ಜೋಡಿಸಬೇಕು. ಇದನ್ನು ‘ಮೌಂಟ್’ ಮಾಡುವುದೆನ್ನುವರು. ಹಿಂದೆ ಮೌಂಟ್ ಆಜ್ಞೆಯೇ ಈ ಜೋಡಣೆಗಳನ್ನು ‘ಎಮ್‌ಟ್ಯಾಬ್’ ಎಂಬ ಕಡತದಲ್ಲಿ ಬರೆದಿಡುತ್ತಿತ್ತು. ಅದು ಗುಮಾಸ್ತನ ಖಾತೆ. ಆ ಕಡತವಿದ್ದ ಡಿಸ್ಕಿನ ಮೇಲೆ ಬರೆಯಲು ಅನುಮತಿಯಿಲ್ಲದಿದ್ದರೆ, ಇಲ್ಲವೆ ಬರೆಯಬೇಡವೆಂದು ಆಜ್ಞೆಯಿತ್ತರೆ, ಖಾತೆಯೊಂದು ಹೇಳುವುದು, ನಿಜವೊಂದಿರುವುದು.

ಇದರಿಂದೊದಗಬಹುದಾದ ಹಾನಿ ಅಲ್ಪವಲ್ಲ. ಬಳಕೆಯಲ್ಲಿರುವ ಡಿಸ್ಕನ್ನು ಬಿಡುವಾಗಿದೆಯೆಂದು ಬಗೆದು ದುರಸ್ತಿಗೋ ಹೊಸ ವಿನ್ಯಾಸಕ್ಕೋ ಕೈ ಹಾಕಿದರೆ, ವರ್ಷಗಳಿಂದ ಕೂಡಿಟ್ಟ ಕಾಗದಪತ್ರಗಳೂ ಮನೆಯವರ ಭಾವಚಿತ್ರಗಳೂ ಕ್ಷಣಮಾತ್ರದಲ್ಲಿ ಮಣ್ಣುಪಾಲಾಗಬಹುದು.

ಹಾಗಾದರೆ ಯಜಮಾನನನ್ನೇ ಕೇಳಬಾರದೇಕೆ? 1984ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಟಾಮ್ ಕಿಲಿಯನ್ ಅವರು, ಯೂನಿಕ್ಸ್‌ನಲ್ಲಿ ನಡೆಯುತ್ತಿರುವ ಕಾರ್ಯಗಳನ್ನು ಕಡತಗಳಂತೆ ತೋರಿಸುವ ಉಪಾಯವನ್ನು ವಿವರಿಸಿದರು. ಅದೇ ‘ಪ್ರಾಕ್’. ಲಿನಕ್ಸ್ ಇದನ್ನು ಸ್ವೀಕರಿಸಿ ಮತ್ತಷ್ಟು ವಿಸ್ತರಿಸಿತು. ಅದರಲ್ಲಿರುವ ‘ಮೌಂಟ್ಸ್’ ಎಂಬ ಕಡತದ ಸ್ವಾರಸ್ಯವನ್ನು ನೋಡಿ: ಅದರ ಅಳತೆ ಸೊನ್ನೆಯೆಂದು ಕಾಣುವುದು, ತೆರೆದು ಓದಿದರೆ ಸಾಲುಸಾಲು ಬರಹ! ಅದು ಯಾವ ಡಿಸ್ಕಿನಲ್ಲಿಯೂ ಬರೆದಿಟ್ಟುದಲ್ಲ. ಕೇಳಿದ ಗಳಿಗೆಯಲ್ಲಿ ಕರ್ನೆಲ್ ತಾನೇ ಕೊಡುವ ಉತ್ತರ. ಯಾವ ಸಾಧನ, ಎಲ್ಲಿ ಜೋಡಣೆ, ಯಾವ ಬಗೆಯ ಕಡತವ್ಯವಸ್ಥೆ, ಬರೆಯಬಹುದೋ ಓದಲು ಮಾತ್ರವೋ—ಎಲ್ಲವೂ ಅಲ್ಲಿ ಸ್ಪಷ್ಟ.

2003ರ ಡಿಸೆಂಬರಿನಲ್ಲಿ ಹೊರಬಂದ 2.6ನೆಯ ಆವೃತ್ತಿಯಲ್ಲಿ ‘ಸಿಸ್‌ಎಫ್‌ಎಸ್’ ಎಂಬ ಇನ್ನೊಂದು ಕಿಟಕಿ ತೆರೆಯಿತು. ಅಲ್ಲಿ ಪ್ರತಿಯೊಂದು ಡಿಸ್ಕಿಗೂ ತನ್ನದೇ ಕೋಣೆ, ಒಂದು ಕಡತಕ್ಕೆ ಒಂದೇ ಸಂಗತಿ. ಡಿಸ್ಕಿನ ಗಾತ್ರವನ್ನು ಕೇಳಿದರೆ 512 ಬೈಟುಗಳ ತುಣುಕುಗಳೆಷ್ಟೆಂದು ತಿಳಿಸುವುದು. ಓದಲು ಮಾತ್ರವೇ ಎಂದರೆ, ಹೌದಾದರೆ 1, ಅಲ್ಲವಾದರೆ 0. ಅಧಿಕಪ್ರಸಂಗವಿಲ್ಲ.

ಹಳೆಯ ಖಾತೆಯ ಗತಿಯೇನಾಯಿತು? ಎಮ್‌ಟ್ಯಾಬ್ ಎಂಬ ಹೆಸರು ಈಗಲೂ ಉಳಿದಿದೆ. ಆದರೆ ಇಂದಿನ ಬಹುತೇಕ ಲಿನಕ್ಸ್ ವ್ಯವಸ್ಥೆಗಳಲ್ಲಿ ಅದು ಸ್ವತಃ ಏನನ್ನೂ ಬರೆದಿಟ್ಟುಕೊಳ್ಳದು. ಪ್ರಾಕ್‌ನತ್ತ ದಾರಿ ತೋರುವ ಕೈಮರವಾಗಿ ನಿಂತಿದೆ. ತಿಳಿಯದುದನ್ನು ತಿಳಿದವರ ಬಳಿಗೆ ಕಳುಹಿಸುವ ಗುಮಾಸ್ತನಿಗಿಂತ ಪ್ರಾಮಾಣಿಕನಾರು?