ಕೆಂಚನ ಗಡಿಯಾರ

ಮನೆಯೊಳಗೆ ಉಚ್ಚೆ ಮಾಡಬಾರದೆಂದು ನಾಯಿಮರಿಗೆ ಕಲಿಸುವ ಕೆಲಸಕ್ಕೆ ನಮ್ಮ ಲೋಕಾಪುರದ ಕಡೆ ಹೆಸರೇ ಇಲ್ಲ. ಅಲ್ಲಿ ನಾಯಿ ಹೊಸ್ತಿಲಾಚೆಯ ಪ್ರಾಣಿ. ಕಟ್ಟೆಯ ಮೇಲೆ ಮಲಗುತ್ತದೆ, ಹಿತ್ತಲಿಗೋ ಹೊಲಕ್ಕೋ ತಾನೇ ಹೋಗಿ ಬರುತ್ತದೆ. ಕಲಿಸುವ ಪ್ರಸಂಗ ಬರುವುದು ಹೊಸ್ತಿಲಾಚೆ ಲಿಫ್ಟ್ ಇರುವ ನಮ್ಮಂಥವರಿಗೆ.

ಮಹಾಪೆಯಲ್ಲಿ ನಮ್ಮದು ಐದನೇ ಮಹಡಿಯ ಬಾಡಿಗೆ ಮನೆ. ಜುಲೈ ಮಳೆಯಲ್ಲಿ ಎಂಐಡಿಸಿ ರಸ್ತೆಯ ಚಹಾ ಟಪರಿ ಕೆಳಗೆ ನಡುಗುತ್ತಿದ್ದ ಎರಡು ತಿಂಗಳ ಮರಿಯನ್ನು ಮಗಳು ಎತ್ತಿಕೊಂಡು ಬಂದಳು. ಕೆಂಚ ಎಂದು ಹೆಸರಿಟ್ಟವರು ಅಪ್ಪ. ಬೇಡವೆಂದವರೂ ಅವರೇ. "ನಾಯಿಗಿ ಮನಿ ಒಳಗ ಏನ್ ಕೆಲಸೋ? ತರೂದಿದ್ರ ಮುಧೋಳ ನಾಯಿ ತರಬೇಕಿತ್ತು." ಅಪ್ಪನ ಹೆಮ್ಮೆ ಸುಳ್ಳಲ್ಲ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ತಂದಿತ್ತು, ಊರಿನ ಹತ್ತಿರದ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಆದರೆ ಮೊಲದ ಹಿಂದೆ ಓಡಲು ಹುಟ್ಟಿದ ನಾಯಿಯನ್ನು ಒನ್ ಬಿಎಚ್‌ಕೆಯಲ್ಲಿ ಇಡುವುದು ನನಗಂತೂ ಒಪ್ಪಿಗೆಯಿಲ್ಲ.

ಮೊದಲ ವಾರ ಕೆಂಚ ಬಾಗಿಲ ಚಾಪೆ, ಅಪ್ಪನ ಮಂಚದಡಿ, ಮಗಳ ಪಾಟಿಚೀಲ ಯಾವುದನ್ನೂ ಬಿಡಲಿಲ್ಲ. ಒಮ್ಮೆ ಲಿಫ್ಟಿನಲ್ಲೂ ಆಯಿತು. ಮನೆಮಾಲೀಕರಿಗೆ ಫೋನು ಹೋಯಿತು. ಸೊಸೈಟಿಗಳು ಸಾಕುಪ್ರಾಣಿ ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೆ ಆ ಸುತ್ತೋಲೆ ಬಂದು ಲಿಫ್ಟ್ ತೊಳೆಯುವುದಿಲ್ಲವಲ್ಲ! ಗಣೇಶ ಚೌತಿಯೊಳಗೆ ಸರಿಹೋಗದಿದ್ದರೆ ಮರಿ ವಾಪಸ್ ಟಪರಿಗೆ ಎಂದು ಹೆಂಡತಿ ಗಡುವು ಕೊಟ್ಟಳು. ಕಂಟೇನರ್ ಲಾರಿಗಳು ಓಡಾಡುವ ರಸ್ತೆ ಅದು.

ಹಟಮಾರಿ ಎಂದು ನಾವೆಲ್ಲ ಬೈದೆವು. ಪಶುವೈದ್ಯರು ನಕ್ಕರು. ಅಷ್ಟು ಚಿಕ್ಕ ಮರಿಗೆ ತಡೆದುಕೊಳ್ಳುವ ಶಕ್ತಿಯೇ ಇರುವುದಿಲ್ಲವಂತೆ. ಎಷ್ಟು ತಿಂಗಳ ಮರಿಯೋ ಸುಮಾರು ಅಷ್ಟು ಗಂಟೆ, ಅಷ್ಟೇ ಲೆಕ್ಕ. ನಿದ್ದೆಯಿಂದೆದ್ದ ಕೂಡಲೇ, ಉಂಡ ಸ್ವಲ್ಪ ಹೊತ್ತಿಗೆ, ಆಟ ಮುಗಿದಾಗ ಎತ್ತಿಕೊಂಡು ಅದರ ಜಾಗಕ್ಕೆ ಓಡಬೇಕು. ನೆಲ ಮೂಸುತ್ತ ಗಿರಕಿ ಹೊಡೆದರೆ ಚರ್ಚೆಗೆ ಸಮಯವಿಲ್ಲ. ಲಸಿಕೆಗಳು ಮುಗಿಯುವ ತನಕ ಬೀದಿನಾಯಿಗಳು ಓಡಾಡುವ ನೆಲಕ್ಕೆ ಬಿಡುವಂತಿಲ್ಲ, ಪಾರ್ವೋ ರೋಗದ ಭಯ. ಹಾಗಾಗಿ ಬಾಲ್ಕನಿಯಲ್ಲಿ ಹಳೆಯ ಟ್ರೇ, ಅದರಲ್ಲಿ ಮಣ್ಣು. ತಪ್ಪಿದ ಕಡೆ ಮೂತಿ ತಿಕ್ಕಿ ಎಂದು ಪಕ್ಕದವರು ಹೇಳಿದರು. ಹಾಗೆ ಮಾಡಿದರೆ ಮರಿ ಕಲಿಯುವುದು ನಮ್ಮ ಕಣ್ಣು ತಪ್ಪಿಸಿ ಸೋಫಾದ ಹಿಂದೆ ಮಾಡುವುದನ್ನು ಮಾತ್ರ. ಇನ್ನು ಫಿನೈಲ್ ನಮ್ಮ ಮೂಗಿಗಷ್ಟೇ ಮೋಸ ಮಾಡುತ್ತದೆ. ನಾಯಿಗೆ ಹಳೆಯ ವಾಸನೆ ಸಿಕ್ಕೇ ಸಿಗುತ್ತದೆ, ಮತ್ತೆ ಅಲ್ಲೇ ಹೋಗುತ್ತದೆ. ಕಿಣ್ವ ಇರುವ ಕ್ಲೀನರ್ ಅಂಗಡಿಗಳಲ್ಲಿ ಸಿಗುತ್ತದೆ, ದುಬಾರಿಯಾದರೂ ತನ್ನಿ.

ಇದೆಲ್ಲ ಸರಿ, ಎರಡೆರಡು ಗಂಟೆಗೆ ಎತ್ತಿಕೊಂಡು ಓಡುವವರು ಯಾರು? ಹೆಂಡತಿಗೆ ಮಿಲೇನಿಯಂ ಬಿಸಿನೆಸ್ ಪಾರ್ಕಿನಲ್ಲಿ ಎರಡನೇ ಪಾಳಿ, ನನಗೆ ತುರ್ಭೆ, ಮಗಳಿಗೆ ಶಾಲೆ. ಉಳಿದವರು ಅಪ್ಪ. ಅವ್ವ ತೀರಿಕೊಂಡ ಮೇಲೆ ಇಲ್ಲಿಗೆ ಬಂದು, ಮರಾಠಿಯೂ ಬಾರದೆ ಹಿಂದಿಯೂ ಬಾರದೆ, ಕಿಟಕಿಯಲ್ಲಿ ಪಾರಸಿಕ ಗುಡ್ಡ ನೋಡುತ್ತ "ಊರಿಗಿ ಟಿಕೆಟ್ ತಗಸು" ಎನ್ನುತ್ತಿದ್ದವರು.

ಮರಿಯನ್ನು ಮುಟ್ಟುವುದಿಲ್ಲ ಎಂದವರೇ ಮೂರನೇ ದಿನ ಎತ್ತಿಕೊಂಡಿದ್ದರು. ಹೋರಿಗರುಗಳನ್ನು ಪಳಗಿಸಿದ ಕೈ ಅದು. ಟ್ರೇಯಲ್ಲಿ ಇಳಿಸಿ "ಮಾಡಪಾ, ಮಾಡು" ಎನ್ನುವುದು, ಆದ ತಕ್ಷಣ ಜೋಳದ ರೊಟ್ಟಿಯ ಚೂರು. ತಕ್ಷಣ ಅಂದರೆ ತಕ್ಷಣ, ಅರ್ಧ ನಿಮಿಷ ತಡವಾದರೂ ರೊಟ್ಟಿ ಯಾತಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು. ರಾತ್ರಿಯದು ಇನ್ನೂ ಸುಲಭವಾಯಿತು. ಈ ವಯಸ್ಸಿನಲ್ಲಿ ಅಪ್ಪ ಎರಡು ಗಂಟೆಗೆ ಹೇಗೂ ಏಳುತ್ತಾರೆ. ಇಬ್ಬರೂ ಒಟ್ಟಿಗೇ ಮುಗಿಸಿ ಬಂದು ಮಲಗುತ್ತಿದ್ದರು.

ಚೌತಿಯ ಹೊತ್ತಿಗೆ ನೆಲ ಒಣಗಿತ್ತು. ಲಸಿಕೆಗಳು ಮುಗಿದು ಈಗ ಇಬ್ಬರೂ ಬೆಳಿಗ್ಗೆ ಸಂಜೆ ಕೆಳಗಿಳಿಯುತ್ತಾರೆ, ಕೈಯಲ್ಲಿ ಹಳೆಯ ಪೇಪರು, ಪ್ಲಾಸ್ಟಿಕ್ ಚೀಲ. ಅಪ್ಪ ವಾಚ್‌ಮನ್ ಜೊತೆ ಅರ್ಧ ಕನ್ನಡ, ಅರ್ಧ ಮರಾಠಿ ಮಾತಾಡುವುದು ಮೇಲಕ್ಕೇ ಕೇಳುತ್ತದೆ.

ಮೊನ್ನೆ ನಾನೇ ಕೇಳಿದೆ, ದೀಪಾವಳಿಗೆ ಊರಿಗೆ ಟಿಕೆಟ್ ತೆಗೆಸಲೇ ಎಂದು.

"ಬಸ್ಸಿನ್ಯಾಗ ಇವನ್ನ ಹತ್ತಸ್ಕೋತಾರೇನ್ ಕೇಳು ಮೊದಲ."