ಗುರುಮೂಢತೆ ಮತ್ತು ಗೃಹಸ್ಥನ ಎಚ್ಚರ

ಗಂಗಾವತಿ, ಕಾರಟಗಿ, ಸಿದ್ದಾಪುರಗಳ ಪೇಟೆಯಲ್ಲಿ ಮಾದರಿಯನ್ನು ಅಂಗೈಯಲ್ಲಿರಿಸಿ ನೋಡದೆ ಒಂದು ಚೀಲ ಭತ್ತವನ್ನೂ ಕೊಳ್ಳದ ಗೃಹಸ್ಥನು ಗುರುವನ್ನು ಮಾತ್ರ ಪರೀಕ್ಷಿಸದೆಯೇ ಒಪ್ಪಿಕೊಳ್ಳುವುದು ಸೋಜಿಗವೇ ಸರಿ.

ಜನರನ್ನು ಸೆರೆಹಿಡಿಯುವ ಪಂಥಗಳು ಮೊದಲ ದಿನವೇ ನಿಜರೂಪವನ್ನು ತೋರುವುದಿಲ್ಲ. ಧ್ಯಾನಶಿಬಿರ, ರೋಗಶಮನ, ಮಕ್ಕಳ ವಿದ್ಯೆ ಎಂದು ಕರೆಯುತ್ತವೆ. ದುಃಖಿಗೆ ಅಕ್ಕರೆಯ ಮಳೆ ಸುರಿಸುತ್ತವೆ. ಬಳಿಕ ಬಂಧುಗಳನ್ನು ದೂರಮಾಡಿಸಿ, ಆಸ್ತಿಯನ್ನು ಬರೆಸಿಕೊಂಡು, ಸಂಶಯವೇ ಪಾಪವೆಂದು ಬೋಧಿಸುತ್ತವೆ. ಹಿಂತಿರುಗಲು ಮನೆಯೂ ಹಣವೂ ಇಲ್ಲದವನು ಅಲ್ಲಿಯೇ ಉಳಿಯುತ್ತಾನೆ; ಆ ಅಸಹಾಯಕತೆಗೆ ಭಕ್ತಿಯೆಂಬ ಹೆಸರು ಬೀಳುತ್ತದೆ.

1978ರಲ್ಲಿ ಗಯಾನಾ ದೇಶದ ಜೋನ್ಸ್‌ಟೌನಿನಲ್ಲಿ ಒಬ್ಬ ಬೋಧಕನ ಮಾತಿಗೆ ಮಕ್ಕಳ ಸಹಿತ 900ಕ್ಕೂ ಹೆಚ್ಚು ಜನ ವಿಷಕ್ಕೆ ಬಲಿಯಾದರು. ನಮ್ಮ ನಾಡಿನ ಬಿಡದಿಯ ನಿತ್ಯಾನಂದನ ಮೇಲೆ 2010ರಲ್ಲಿ ಅತ್ಯಾಚಾರದ ಆರೋಪ ಬಂದಿತು. 2019ರಲ್ಲಿ ಅಹಮದಾಬಾದಿನ ಆಶ್ರಮದಲ್ಲಿ ಮಕ್ಕಳನ್ನು ಕೂಡಿಹಾಕಿದ ದೂರು ದಾಖಲಾಯಿತು. ಅವನು ದೇಶ ಬಿಟ್ಟು ‘ಕೈಲಾಸ’ವೆಂಬ ರಾಷ್ಟ್ರವನ್ನೇ ಸಾರಿದನು. ಆದರೂ ಅನುಯಾಯಿಗಳೆಲ್ಲರೂ ಅವನ ಕೈಬಿಡಲಿಲ್ಲ.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಲೋಕಮೂಢತೆ, ದೇವಮೂಢತೆಗಳೊಡನೆ ಪಾಷಂಡಿಮೂಢತೆಯನ್ನೂ ಎಣಿಸಿದ್ದಾರೆ. ಪರಿಗ್ರಹ, ಹಿಂಸೆಗಳಲ್ಲಿ ಮುಳುಗಿದ ವೇಷಧಾರಿಯನ್ನು ಪೂಜಿಸುವುದೇ ಆ ಮೂಢತೆ. ಅದಿರುವಲ್ಲಿ ಸಮ್ಯಗ್ದರ್ಶನವು ನಿರ್ಮಲವಾಗದು.

ಈ ಒರೆಗಲ್ಲು ಪರರಿಗೆ ಮಾತ್ರವೆಂದು ಶ್ರಾವಕರು ಭಾವಿಸಬಾರದು. ಬಸದಿಯ ಟ್ರಸ್ಟುಗಳು ಜಮಾಖರ್ಚನ್ನು ವರ್ಷಕ್ಕೊಮ್ಮೆ ಸಭೆಯ ಮುಂದಿಡಲಿ. ಮನೆಯವರ ಅರಿವಿಲ್ಲದೆ ಎಳೆಯರೆದುರು ದೀಕ್ಷೆಯ ಮಾತೆತ್ತದಿರಲಿ. ಪ್ರಶ್ನಿಸಿದವನನ್ನು ಪಂಕ್ತಿಯಿಂದ ಎಬ್ಬಿಸದಿರಲಿ. ಪ್ರಶ್ನೆಗೆ ಅಂಜುವ ಪೀಠವು ಯಾವ ಧರ್ಮದ್ದಾದರೂ ಬಂದೀಖಾನೆಯೇ. ಬಾಗಿಲು ಒಳಗಿನಿಂದಲೂ ತೆರೆಯುವಂತಿದ್ದರೆ ಮಾತ್ರ ಅದು ಬಸದಿ.