ಗೃಹಾರೋಗ್ಯ: ಅನ್ನನಾಳದ ಶಸ್ತ್ರಚಿಕಿತ್ಸೆಯಾದವರ ಊಟೋಪಚಾರ

ಈ ತಿಂಗಳು ನಮ್ಮ ಕೈಸೇರಿದ ಕಾಗದಗಳಲ್ಲಿ ಒಂದು ನಮ್ಮ ಮನಸ್ಸನ್ನು ಬಹುವಾಗಿ ಕಲಕಿತು. ಬರೆದವರು ಒಬ್ಬ ಗೃಹಿಣಿ. ಅವರ ಯಜಮಾನರಿಗೆ ಅನ್ನನಾಳದಲ್ಲಿ ಕ್ಯಾನ್ಸರು ರೋಗವು ಕಾಣಿಸಿಕೊಂಡು, ಶಸ್ತ್ರಚಿಕಿತ್ಸೆ ನಡೆದು, ಮನೆಗೆ ಬಂದು ಎರಡು ತಿಂಗಳಾಗಿದೆ. ಗಾಯವು ಮಾಯ್ದಿದೆ, ವೈದ್ಯರು ಸಮಾಧಾನದ ಮಾತನ್ನಾಡಿದ್ದಾರೆ. ಆದರೆ ಊಟಕ್ಕೆ ಕುಳಿತರೆ ನಾಲ್ಕು ತುತ್ತಿಗೇ ಕೈತೊಳೆದು ಏಳುತ್ತಾರಂತೆ. ಬಲವಂತದಿಂದ ಇನ್ನೆರಡು ತುತ್ತು ಉಣಿಸಿದರೆ ಮೈಯೆಲ್ಲ ಬೆವರು, ಎದೆಬಡಿತ, ಕೆಲವು ವೇಳೆ ವಾಂತಿ. “ನನ್ನ ಅಡಿಗೆಯನ್ನು ಹೊಗಳಿ ಎರಡು ಸಲ ಬಡಿಸಿಕೊಳ್ಳುತ್ತಿದ್ದವರು ಈಗ ಎಲೆಯನ್ನು ಕಂಡರೆ ಮುಖ ತಿರುಗಿಸುತ್ತಾರೆ. ಉಣ್ಣದಿದ್ದರೆ ಮೈಗೆ ಶಕ್ತಿ ಹೇಗೆ ಬಂದೀತು, ನೀನು ಸರಿಯಾಗಿ ಉಪಚರಿಸುವುದಿಲ್ಲ ಎಂದು ಅತ್ತೆಯವರು ದಿನವೂ ಹೇಳುತ್ತಾರೆ. ತಪ್ಪು ಯಾರದು?” ಎಂದು ಆಕೆ ಕೇಳಿದ್ದಾರೆ.

ತಪ್ಪು ಯಾರದೂ ಅಲ್ಲ ಎಂಬುದೇ ನಮ್ಮ ಮೊದಲನೆಯ ಉತ್ತರ. ಆದರೆ ಅಷ್ಟನ್ನು ಹೇಳಿ ಸುಮ್ಮನಾದರೆ ಆಕೆಯ ಕಷ್ಟವು ತೀರಲಾರದು. ಇಂಥ ಕಷ್ಟವುಳ್ಳ ಮನೆಗಳು ಇನ್ನೂ ಅನೇಕವಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸೋಣ.

ಗಂಟಲಿನಿಂದ ಜಠರದವರೆಗೆ ಆಹಾರವನ್ನು ಸಾಗಿಸುವ, ಸುಮಾರು ೨೫ ಸೆಂಟಿಮೀಟರು ಉದ್ದದ ಕೊಳವೆಯೇ ಅನ್ನನಾಳ. ರೋಗವು ಹಿಡಿದ ಭಾಗವನ್ನು ವೈದ್ಯರು ಕತ್ತರಿಸಿ ತೆಗೆದ ಮೇಲೆ ತೆರವಾದ ಸ್ಥಳವನ್ನು ಯಾವುದರಿಂದಲಾದರೂ ತುಂಬಬೇಕಷ್ಟೆ. ೧೯೧೩ರಲ್ಲಿ ನ್ಯೂಯಾರ್ಕಿನ ಫ್ರಾಂಜ್ ಟೋರೆಕ್ ಎಂಬ ಶಸ್ತ್ರವೈದ್ಯರು ಎದೆಯೊಳಗಿನ ಅನ್ನನಾಳವನ್ನು ಯಶಸ್ವಿಯಾಗಿ ತೆಗೆದರು. ಆಗ ಅವರಿಗೆ ಬೇರೆ ಉಪಾಯವಿಲ್ಲದೆ, ಕತ್ತಿನ ಬಳಿಯಿಂದ ಜಠರದವರೆಗೆ ಮೈಯ ಹೊರಗಡೆಯೇ ರಬ್ಬರಿನ ಕೊಳವೆಯೊಂದನ್ನು ಜೋಡಿಸಬೇಕಾಯಿತು. ಆ ವೃದ್ಧೆಯು ಆ ಕೊಳವೆಯ ಮೂಲಕವೇ ಉಂಡು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬದುಕಿದಳು. ಈಗ ಅಂಥ ಅವಸ್ಥೆಯಿಲ್ಲ. ೧೯೪೬ರಲ್ಲಿ ಐವರ್ ಲೂಯಿಸ್ ಎಂಬ ಶಸ್ತ್ರವೈದ್ಯರು ಪ್ರಕಟಿಸಿದ ಕ್ರಮವು ಇಂದಿಗೂ ಅವರ ಹೆಸರಿನಿಂದಲೇ ನಡೆಯುತ್ತಿದೆ. ಅದರಲ್ಲಿಯೂ ಅದರಂಥ ಬೇರೆ ಕ್ರಮಗಳಲ್ಲಿಯೂ ರೋಗಿಯ ಜಠರವನ್ನೇ ಮೇಲಕ್ಕೆ ಎದೆಗೂಡಿನೊಳಕ್ಕೆ ಎಳೆದು, ಉಳಿದ ಅನ್ನನಾಳಕ್ಕೆ ಹೊಲಿದು ಜೋಡಿಸುತ್ತಾರೆ. ಈಗ ಸಾಮಾನ್ಯವಾಗಿ ಜಠರವನ್ನು ಕಿರಿದಾದ ಕೊಳವೆಯಾಗಿ ರೂಪಿಸಿಯೇ ಹೀಗೆ ಜೋಡಿಸುವುದು.

ಗೃಹಿಣಿಯರು ಮನಸ್ಸಿನಲ್ಲಿಟ್ಟುಕೊಳ್ಳತಕ್ಕ ಮುಖ್ಯ ವಿಷಯವು ಇದೇ: ಕಣಜದಂತಿದ್ದ ಜಠರವು ಈಗ ಕಾಲುವೆಯಂತಾಗಿದೆ. ಹಿಂದೆ ಒಂದು ಹೊತ್ತಿನ ಊಟವನ್ನು ತುಂಬಿಟ್ಟುಕೊಂಡು, ನಿಧಾನವಾಗಿ ಅರೆದು, ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಬಿಡುತ್ತಿದ್ದ ಅಂಗವು ಈಗ ಆ ಕೆಲಸವನ್ನು ಮೊದಲಿನಂತೆ ಮಾಡಲಾರದು. ಜಠರದ ಮೇಲುಬಾಗಿಲು ಹೋಗಿರುವುದರಿಂದ, ಮಲಗಿದರೆ ಅಥವಾ ಬಗ್ಗಿದರೆ ಒಳಗಿನ ಹುಳಿಯೂ ಪಿತ್ತವೂ ಗಂಟಲಿಗೆ ಏರಿಬರುತ್ತವೆ. ಜಠರವನ್ನು ನಡೆಯಿಸುತ್ತಿದ್ದ ನರಗಳು ಕತ್ತರಿಸಿಹೋಗಿರುವುದರಿಂದ, ಕೆಲವರಲ್ಲಿ ಆಹಾರವು ಬಹು ಹೊತ್ತು ಅಲ್ಲಿಯೇ ನಿಲ್ಲುತ್ತದೆ. ಕೆಲವರಲ್ಲಿ ಒಮ್ಮೆಲೇ ಕರುಳಿಗೆ ಇಳಿದುಬಿಡುತ್ತದೆ. ಹಸಿವನ್ನು ಹುಟ್ಟಿಸುವ ಗ್ರೆಲಿನ್ ಎಂಬ ರಸವು ಹೆಚ್ಚಾಗಿ ಜಠರದ ಮೇಲ್ಭಾಗದಲ್ಲಿ ಉತ್ಪನ್ನವಾಗತಕ್ಕುದಾದುದರಿಂದ ಹಸಿವೂ ಕುಂದುತ್ತದೆ. ಹೀಗಿರುವಲ್ಲಿ ನಾಲ್ಕು ತುತ್ತಿಗೇ ಏಳುವವರನ್ನು ಹಟಮಾರಿಗಳೆಂದು ತಿಳಿಯುವುದು ನ್ಯಾಯವೇ? ಅವರ ಹೊಟ್ಟೆಯು ನಿಜವಾಗಿಯೂ ತುಂಬಿದೆ.

ಆದುದರಿಂದ ಮನೆಯವರು ಮೊದಲು ಬದಲಾಯಿಸತಕ್ಕುದು ಅಳತೆಯನ್ನೂ ವೇಳೆಯನ್ನೂ. ದಿನಕ್ಕೆ ಎರಡು ಊಟ, ಒಂದು ತಿಂಡಿ ಎಂಬ ಲೆಕ್ಕವನ್ನು ಬಿಟ್ಟು, ಆರರಿಂದ ಎಂಟು ಸಲ, ಒಂದೊಂದು ಸಲಕ್ಕೆ ಒಂದು ಸಣ್ಣ ಬಟ್ಟಲಿನಷ್ಟು ಆಹಾರವನ್ನು ಕೊಡಬೇಕು. ಹಸಿವಾಗಲಿ ಎಂದು ಕಾಯುತ್ತ ಕುಳಿತರೆ ಹಸಿವು ಬಾರದೆಯೇ ದಿನವು ಕಳೆದುಹೋದೀತು. ಗಡಿಯಾರವನ್ನು ನೋಡಿ ಉಣ್ಣುವುದೇ ಮೇಲು. ದೊಡ್ಡ ಎಲೆಯಲ್ಲಿ ಬಡಿಸಿದರೆ ರೋಗಿಯ ಕಣ್ಣೇ ಸೋಲುತ್ತದೆ. ಚಿಕ್ಕ ತಟ್ಟೆಯಲ್ಲಿ ಸ್ವಲ್ಪ ಬಡಿಸಿದರೆ ಅದನ್ನು ಮುಗಿಸಿದೆನೆಂಬ ಸಂತೋಷವಾದರೂ ಅವರಿಗೆ ಆಗುತ್ತದೆ.

ಆಸ್ಪತ್ರೆಯಿಂದ ಬಂದ ಮೊದಲ ದಿನಗಳಲ್ಲಿ ಏನನ್ನು ಕೊಡಬೇಕೆಂಬುದನ್ನು ಚಿಕಿತ್ಸೆ ಮಾಡಿದ ವೈದ್ಯರೇ ಗೊತ್ತುಮಾಡಿರುತ್ತಾರೆ. ಗುಟುಕು ನೀರು, ಬಳಿಕ ತಿಳಿಯಾದ ಗಂಜಿ, ಬಳಿಕ ಗಟ್ಟಿಯಾದ ಗಂಜಿ, ಆಮೇಲೆ ಮೆತ್ತಗಿನ ಅನ್ನ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ವಾರಗಳ ಮೇಲೆ ಏರತಕ್ಕ ಕ್ರಮವದು. ಮೆಟ್ಟಿಲನ್ನು ಹಾರಬಾರದು. ಕೆಲವರಿಗೆ ಹೊಟ್ಟೆಯ ಮೇಲಿನಿಂದ ನೇರವಾಗಿ ಕರುಳಿಗೆ ಒಂದು ತೆಳ್ಳನೆಯ ಕೊಳವೆಯನ್ನು ಇಟ್ಟು ಕಳುಹಿಸುವುದುಂಟು. ಅದನ್ನು ಕಂಡು ಮನೆಯವರು ಅಂಜಬೇಕಾದುದಿಲ್ಲ, ನಾಚಬೇಕಾದುದೂ ಇಲ್ಲ. ಬಾಯಿಂದ ಸಾಕಷ್ಟು ಉಣ್ಣುವ ಶಕ್ತಿ ಬರುವವರೆಗೆ ದೇಹವನ್ನು ಕಾಪಾಡುವ ಆಸರೆ ಅದು. ಆಸ್ಪತ್ರೆಯಲ್ಲಿ ಹೇಳಿದ ದ್ರವಾಹಾರವನ್ನಲ್ಲದೆ ಮನೆಯ ಸಾರನ್ನೋ ಕಷಾಯವನ್ನೋ ಅದರಲ್ಲಿ ಹಾಕಕೂಡದು. ಅವರು ತೋರಿಸಿಕೊಟ್ಟಂತೆ ನೀರು ಹಾಯಿಸಿ ಶುಚಿಯಾಗಿಡಬೇಕು.

ಅನ್ನಕ್ಕೆ ಬಂದ ಮೇಲೆ ನಮ್ಮ ಅಡಿಗೆಮನೆಯಲ್ಲಿ ಅನುಕೂಲವಾದ ಪದಾರ್ಥಗಳಿಗೇನೂ ಕೊರತೆಯಿಲ್ಲ. ಚೆನ್ನಾಗಿ ಬೆಂದು ನುಣ್ಣಗಾದ ಅನ್ನಕ್ಕೆ ಹೆಸರುಬೇಳೆಯ ತೊವ್ವೆ, ಹುಳಿಯಿಲ್ಲದ ಮೊಸರನ್ನ, ತೊವ್ವೆಯಲ್ಲಿ ಕಿವುಚಿದ ಮೆತ್ತಗಿನ ಇಡ್ಲಿ, ರಾಗಿಯ ಗಂಜಿ, ಉತ್ತರದ ಜಿಲ್ಲೆಗಳವರಿಗೆ ಜೋಳದ ನುಚ್ಚು, ಬೇಯಿಸಿ ಮಸೆದ ಸೋರೆಕಾಯಿ, ಸಿಹಿಗುಂಬಳ, ಆಲೂಗಡ್ಡೆ, ಇವೆಲ್ಲ ಸುಲಭವಾಗಿ ಇಳಿಯತಕ್ಕವು. ಮಾಂಸಾಹಾರಿಗಳು ಮೊಟ್ಟೆಯನ್ನೂ ಮುಳ್ಳು ಬಿಡಿಸಿ ಬೇಯಿಸಿದ ಮೀನನ್ನೂ ಕೊಡಬಹುದು. ಪ್ರಮಾಣವು ಚಿಕ್ಕದಾದುದರಿಂದ ಪ್ರತಿಯೊಂದು ತುತ್ತಿನಲ್ಲಿಯೂ ಪುಷ್ಟಿಯಿರಬೇಕು. ಬರಿಯ ತಿಳಿಸಾರಿನಿಂದ ಹೊಟ್ಟೆಯನ್ನು ತುಂಬಿಸಿದರೆ ಬಟ್ಟಲು ಬರಿದಾಗುತ್ತದೆಯೇ ಹೊರತು ಮೈ ತುಂಬುವುದಿಲ್ಲ. ಬೇಳೆ, ಮೊಸರು, ಮೊಟ್ಟೆ, ಸಹಿಸುವಷ್ಟು ತುಪ್ಪ, ಇವುಗಳಿಂದ ಚಿಕ್ಕ ಬಟ್ಟಲನ್ನು ಬೆಲೆಯುಳ್ಳದ್ದಾಗಿ ಮಾಡಬೇಕು. ಹಾಲು ಕುಡಿದರೆ ಭೇದಿಯಾಗುವವರಿಗೆ ಮೊಸರು ಹೆಚ್ಚಾಗಿ ಒಗ್ಗುತ್ತದೆ.

ಇನ್ನು ನಾವು ಬಹುಕಾಲದಿಂದ ರೂಢಿಮಾಡಿಕೊಂಡು ಬಂದಿರುವ ಕೆಲವು ಪದ್ಧತಿಗಳನ್ನು ಇವರ ವಿಷಯದಲ್ಲಿ ಬಿಡಬೇಕಾಗುತ್ತದೆ. ಮುದ್ದೆಯನ್ನು ಅಗಿಯದೆ ನುಂಗಬೇಕೆಂಬುದು ಹಳೆಯ ಮೈಸೂರು ಸೀಮೆಯ ಪದ್ಧತಿ. ಹೊಲಿಗೆಹಾಕಿ ಜೋಡಿಸಿದ ದಾರಿಯಲ್ಲಿ ಹಾಗೆ ನುಂಗಿದ ತುತ್ತು ಸಿಕ್ಕಿಕೊಳ್ಳುವ ಭಯವುಂಟು. ರಾಗಿಯು ಬೇಕಾದರೆ ಗಂಜಿಯಾಗಿ ಬರಲಿ. ಒಣ ರೊಟ್ಟಿ, ನಾರುಳ್ಳ ನುಗ್ಗೆಕಾಯಿ, ಹಸಿ ತರಕಾರಿ, ಗಟ್ಟಿಯಾದ ಮಾಂಸ, ಇವು ಸದ್ಯಕ್ಕೆ ದೂರವಿರಲಿ. ಏನನ್ನೇ ಉಂಡರೂ ಬಾಯಲ್ಲಿಯೇ ನುಣ್ಣಗೆ ಅಗಿದು, ಒಂದು ತುತ್ತು ಇಳಿದ ಮೇಲೆ ಇನ್ನೊಂದನ್ನು ತೆಗೆದುಕೊಳ್ಳಬೇಕು.

ಊಟದ ನಡುನಡುವೆ ಚೊಂಬುಗಟ್ಟಲೆ ನೀರು ಕುಡಿಯುವುದೂ ಸಲ್ಲದು. ನೀರು ಜಠರದ ಅಲ್ಪಸ್ಥಳವನ್ನು ಆಕ್ರಮಿಸುವುದಲ್ಲದೆ ಆಹಾರವನ್ನು ಬೇಗನೆ ಕರುಳಿಗೆ ಕೊಚ್ಚಿಕೊಂಡು ಹೋಗುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾಗಿ ಅರ್ಧ ಗಂಟೆಯ ಮೇಲೆ ಗುಟುಕು ಗುಟುಕಾಗಿ ಕುಡಿಯಲಿ. ಆದರೆ ದಿನದಲ್ಲಿ ಒಟ್ಟು ನೀರು ಕಡಮೆಯಾಗದಂತೆ ನೋಡಿಕೊಳ್ಳಬೇಕು.

ಉಂಡ ಮೇಲೆ ಎಡಮಗ್ಗುಲಿಗೆ ಮಲಗುವ ವಾಮಕುಕ್ಷಿಯು ನಮ್ಮ ಹಿರಿಯರಿಗೆ ಬಹು ಪ್ರಿಯವಾದ ಸುಖ. ಇವರಿಗೆ ಅದು ನಿಷಿದ್ಧ. ಮೇಲುಬಾಗಿಲಿಲ್ಲದ ಪಾತ್ರೆಯನ್ನು ಅಡ್ಡ ಮಲಗಿಸಿದರೆ ಒಳಗಿರುವುದು ಹೊರಕ್ಕೆ ಬಾರದಿರುತ್ತದೆಯೇ? ನೆಲದ ಮೇಲೆ ಎಲೆಗೆ ಬಗ್ಗಿ ಉಣ್ಣುವುದಕ್ಕಿಂತ ಕುರ್ಚಿಯ ಮೇಲೆ ನೆಟ್ಟಗೆ ಕುಳಿತು ಉಣ್ಣುವುದು ಲೇಸು. ಉಂಡ ಮೇಲೆ ಒಂದು ಗಂಟೆಯಾದರೂ ನೆಟ್ಟಗೆ ಕುಳಿತಿರಬೇಕು, ಇಲ್ಲವೆ ಮೆಲ್ಲಗೆ ಅಡ್ಡಾಡಬೇಕು. ರಾತ್ರಿಯ ಕಡೆಯ ಆಹಾರವು ಮಲಗುವುದಕ್ಕೆ ಮೂರು ಗಂಟೆಗಳ ಮೊದಲೇ ಮುಗಿದಿರಲಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಭದ್ರವಾದ ಮರದ ತುಂಡುಗಳನ್ನಿಟ್ಟು ಎತ್ತರಿಸಿದರೆ ನಿದ್ರೆಯಲ್ಲಿ ಹುಳಿ ಗಂಟಲಿಗೇರಿ ಕೆಮ್ಮು ಬರುವುದು ಕಡಮೆಯಾಗುತ್ತದೆ.

ಕಾಗದ ಬರೆದ ಗೃಹಿಣಿಯು ಹೇಳಿರುವ ಬೆವರೂ ಎದೆಬಡಿತವೂ ಏಕೆ ಬರುತ್ತವೆಂಬುದನ್ನು ಇಲ್ಲಿ ತಿಳಿಸಬೇಕು. ಆಹಾರವು, ಅದರಲ್ಲಿಯೂ ಸಿಹಿಯಾದುದು, ಒಮ್ಮೆಲೇ ಕರುಳಿಗೆ ಇಳಿದಾಗ ರಕ್ತದೊಳಗಿನ ನೀರು ಕರುಳಿಗೆ ಸೆಳೆಯಲ್ಪಡುತ್ತದೆ. ಆಗ ಉಂಡ ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಎದೆಬಡಿತ, ಬೆವರು, ಹೊಟ್ಟೆನುಲಿತ, ಭೇದಿ ಕಾಣಿಸುತ್ತವೆ. ಇನ್ನು ಕೆಲವರಿಗೆ ಒಂದರಿಂದ ಮೂರು ಗಂಟೆಗಳ ಮೇಲೆ ರಕ್ತದ ಸಕ್ಕರೆಯು ತೀರ ಇಳಿದು ಕೈ ನಡುಕ, ನಿತ್ರಾಣ, ಕಣ್ಣು ಕತ್ತಲೆ ಬರುತ್ತವೆ. ಇಂಥವರಿಗೆ ಪ್ರೀತಿಯಿಂದ ಕೊಡುವ ಪಾಯಸ, ಪಾನಕ, ಹೆಚ್ಚು ಸಕ್ಕರೆ ಬೆರೆಸಿದ ಹಾಲು, ಇವೇ ಶತ್ರುಗಳಾಗುತ್ತವೆ. ಸಿಹಿಯನ್ನು ಕಡಮೆಮಾಡಿ, ಅನ್ನದೊಡನೆ ಬೇಳೆ ಮೊಸರುಗಳನ್ನು ಕೂಡಿಸಿ, ನಿಧಾನವಾಗಿ ಉಂಡರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ. ಉಂಡೊಡನೆ ಎದೆಬಡಿತ ಬರುವವರು ಸ್ವಲ್ಪ ಹೊತ್ತು ಒರಗಿ ಕುಳಿತು ವಿಶ್ರಮಿಸಿಕೊಳ್ಳಲಿ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಊಟದ ಪ್ರಮಾಣವು ಬದಲಾದುದನ್ನು ವೈದ್ಯರಿಗೆ ಅವಶ್ಯವಾಗಿ ತಿಳಿಸಬೇಕು. ಹಳೆಯ ಪ್ರಮಾಣದ ಔಷಧಿಯು ಈಗ ಹೆಚ್ಚಾಗಬಹುದು.

ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕವನ್ನು ನೋಡಿ ಬರೆದಿಡುವುದು ಒಳ್ಳೆಯ ಅಭ್ಯಾಸ. ಮೊದಲ ತಿಂಗಳುಗಳಲ್ಲಿ ತೂಕವು ಇಳಿಯುವುದು ಸಾಮಾನ್ಯವಾದರೂ ಇಳಿಯುತ್ತಲೇ ಹೋದರೆ ಸುಮ್ಮನಿರಬಾರದು. ನುಂಗುವುದು ದಿನದಿನಕ್ಕೆ ಕಷ್ಟವಾಗುತ್ತ ಬಂದರೆ, ಜೋಡಿಸಿದ ಸ್ಥಳವು ಸಂಕೋಚಗೊಂಡಿರಬಹುದು. ಇದು ಅನೇಕರಿಗೆ ಆಗತಕ್ಕುದೇ. ವೈದ್ಯರು ಬಾಯಿಂದ ನಳಿಕೆಯನ್ನು ಇಳಿಸಿ ಆ ಸ್ಥಳವನ್ನು ಹಿಗ್ಗಿಸಿ ಸರಿಪಡಿಸುತ್ತಾರೆ. ರೋಗವು ಮರಳಿತೆಂದು ತಾವೇ ನಿಶ್ಚಯಿಸಿಕೊಂಡು ಎದೆಗುಂದುವುದಾಗಲಿ, ತೋರಿಸದೆ ದಿನ ನೂಕುವುದಾಗಲಿ ತರವಲ್ಲ. ಮಲವು ಬಿಳಿಚಿ ಜಿಡ್ಡಾಗಿ ನೀರಿನ ಮೇಲೆ ತೇಲುತ್ತಿದ್ದರೆ ಜಿಡ್ಡು ಜೀರ್ಣವಾಗುತ್ತಿಲ್ಲವೆಂದು ತಿಳಿದು ವೈದ್ಯರಿಗೆ ಹೇಳಬೇಕು; ಅದಕ್ಕೂ ಔಷಧಿಯುಂಟು. ಬಿ೧೨ ಜೀವಸತ್ವ, ಕಬ್ಬಿಣ, ಇವುಗಳ ಕೊರತೆ ತಲೆದೋರಬಹುದಾದುದರಿಂದ ಕಾಲಕಾಲಕ್ಕೆ ರಕ್ತಪರೀಕ್ಷೆಯಾಗಬೇಕು. ಆದರೆ ಜ್ವರ, ನಿಲ್ಲದ ವಾಂತಿ, ಎದೆನೋವು, ಉಸಿರಾಟದ ತೊಂದರೆ, ಕಪ್ಪಾದ ಮಲ, ನೀರು ಸಹ ಇಳಿಯದಿರುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಡೆಗೆ ತಾಂಬೂಲದ ಮಾತು. ಹೊಗೆಸೊಪ್ಪು, ಅಡಿಕೆ, ಮದ್ಯ, ಇವು ಈ ರೋಗಕ್ಕೆ ಕಾರಣಗಳೆಂದು ಸ್ಥಿರಪಟ್ಟಿದೆ. “ಇಷ್ಟೆಲ್ಲ ಕಷ್ಟಪಟ್ಟಿದ್ದಾರೆ, ಊಟವಾದ ಮೇಲೆ ಒಂದೇ ಒಂದು ಎಲೆ ಅಡಿಕೆ ಹಾಕಿಕೊಳ್ಳಲಿ” ಎಂಬ ದಾಕ್ಷಿಣ್ಯವು ಬೇಡ. ಕುದಿಕುದಿಯುವ ಕಾಫಿಯನ್ನು ಹಾಗೆಯೇ ಗಂಟಲಿಗೆ ಹೊಯ್ದುಕೊಳ್ಳುವ ಅಭ್ಯಾಸವನ್ನು ರೋಗಿಯು ಮಾತ್ರವೇ ಅಲ್ಲ, ಮನೆಯವರೆಲ್ಲರೂ ಬಿಡುವುದು ಕ್ಷೇಮ. ೬೫ ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಬಿಸಿಯ ಪಾನೀಯಗಳು ಅನ್ನನಾಳಕ್ಕೆ ಈ ರೋಗವನ್ನು ತರುವ ಸಂಭವವುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರು ಸಂಶೋಧನಾ ವಿಭಾಗವು ೨೦೧೬ರಲ್ಲಿ ಎಚ್ಚರಿಸಿದೆ.

ಕಾಗದ ಬರೆದ ಸೋದರಿಗೆ ನಾವು ಹೇಳುವುದಿಷ್ಟು. ನಮ್ಮ ಮನೆಗಳಲ್ಲಿ “ಇನ್ನೊಂದು ತುತ್ತು” ಎಂಬುದೇ ಪ್ರೀತಿಯ ಭಾಷೆಯಾಗಿದೆ. ಎಲೆಯಲ್ಲಿ ಬಿಟ್ಟ ಅನ್ನವನ್ನು ಬಡಿಸಿದವಳ ಅವಮಾನವೆಂದು ತಿಳಿಯುವುದೂ ಅಷ್ಟೇ ಹಳೆಯದು. ನಿಮ್ಮ ಯಜಮಾನರು ನಿಮ್ಮ ಅಡಿಗೆಯನ್ನು ತಿರಸ್ಕರಿಸಿಲ್ಲ. ಉಣ್ಣಬೇಕೆಂದು ಅವರಿಗೂ ಆಸೆಯಿದೆ, ಉಣ್ಣಲಾರದ ದುಃಖವು ನಿಮಗಿಂತ ಅವರಿಗೇ ಹೆಚ್ಚು. ಎಲ್ಲರೂ ಸುತ್ತ ಕುಳಿತು ತುತ್ತುಗಳನ್ನು ಎಣಿಸುತ್ತಿದ್ದರೆ ಆ ನಾಲ್ಕು ತುತ್ತೂ ಇಳಿಯುವುದಿಲ್ಲ. ನಿಮ್ಮ ಅತ್ತೆಯವರಿಗೆ ಈ ಪುಟವನ್ನು ಓದಿ ಹೇಳಿರಿ. ಮಗನ ಮೇಲಿನ ಅವರ ಕಳಕಳಿಗೂ ಒಂದು ಕೆಲಸವನ್ನು ಕೊಡಿರಿ: ಗಡಿಯಾರವನ್ನು ನೋಡಿ, ಎರಡು ಗಂಟೆಗೊಮ್ಮೆ ಒಂದು ಚಿಕ್ಕ ಬಟ್ಟಲನ್ನು ಮಗನ ಮುಂದಿಡುವ ಭಾರವು ಅವರದಾಗಲಿ. ಮಗನು ಅದರಲ್ಲಿ ಅರ್ಧವನ್ನು ಉಂಡು ಎದ್ದರೆ ಯಾರೂ ಮಾತನಾಡದೆ ಬಟ್ಟಲನ್ನು ಎತ್ತಿಡಿರಿ. ಮುಂದಿನ ಎರಡು ಗಂಟೆಗೆ ಇನ್ನೊಂದು ಬಟ್ಟಲು ಸಿದ್ಧವಾಗಿರಲಿ. ಈ ಹೊಸ ಜಠರವು ತನ್ನ ಕೆಲಸವನ್ನು ಕಲಿಯುವುದಕ್ಕೆ ಅನೇಕ ತಿಂಗಳುಗಳು ಬೇಕು, ಕೆಲವರಿಗೆ ವರ್ಷವೂ ಬೇಕು. ಅಷ್ಟು ಕಾಲ ನಿಮ್ಮ ಒಲೆಯು ಚಿಕ್ಕ ಪಾತ್ರೆಗಳಿಗೆ ಒಗ್ಗಿಕೊಳ್ಳಲಿ.